ಜಪಾನಿನ ಹಳೆಯ ಕತ್ತಿ: ಕೊಳ್ಳುವ ಮೊದಲು ನೋಡಲು ಕಲಿಯುವ ಬಗೆ

ಜಪಾನಿನ ಹಳೆಯ ಕತ್ತಿ ಮೊದಲ ಸಲ ಕೈಗೆ ಸಿಕ್ಕವರ ಕಣ್ಣು ಒರೆಯ ಮೆರುಗಿನ ಮೇಲೆ, ಹಿಡಿಗೆ ಸುತ್ತಿದ ರೇಷ್ಮೆ ಪಟ್ಟಿಯ ಮೇಲೆ ಹೋಗುತ್ತದೆ. ಬಲ್ಲವರು ಅವೆಲ್ಲವನ್ನೂ ಬಿಚ್ಚಿ ಪಕ್ಕಕ್ಕಿಟ್ಟು ಬರಿಯ ಅಲಗನ್ನು ದೀಪಕ್ಕೆ ಹಿಡಿಯುತ್ತಾರೆ. ಸಂಗ್ರಹದ ಹವ್ಯಾಸದಲ್ಲಿ ಹಣ ಕಳೆದುಕೊಳ್ಳುವವರಲ್ಲಿ ಹೆಚ್ಚಿನವರು ಈ ಎರಡನೆಯ ಕೆಲಸ ಕಲಿಯುವ ಮೊದಲೇ ಕೊಂಡವರು. ಅದಕ್ಕೇ ಇಲ್ಲಿ ನೋಡುವ ವಿಷಯ ಮೊದಲು, ಕೊಳ್ಳುವ ವಿಷಯ ಆಮೇಲೆ.

ಅಳತೆ

ಜಪಾನಿನಲ್ಲಿ ಕತ್ತಿಯ ಉದ್ದವನ್ನು ಇಂದಿಗೂ ಶಾಕು ಲೆಕ್ಕದಲ್ಲಿ ಹೇಳುತ್ತಾರೆ. 1 ಶಾಕು ಎಂದರೆ 30.3 ಸೆಂ.ಮೀ. ಅದರ ಹತ್ತನೇ ಒಂದು ಪಾಲು ಸುನ್, ಸುನ್‌ನ ಹತ್ತನೇ ಒಂದು ಪಾಲು ಬು. 2 ಶಾಕು 3 ಸುನ್ 5 ಬು ಎಂದು ಬರೆದಿದ್ದರೆ ಸುಮಾರು 71.2 ಸೆಂ.ಮೀ. ಅಲಗು. 2 ಶಾಕು ಮತ್ತು ಅದಕ್ಕಿಂತ ಉದ್ದದ್ದು ಕತಾನ ಅಥವಾ ತಾಚಿ, 1ರಿಂದ 2 ಶಾಕು ಒಳಗಿನದು ವಾಕಿಜಾಶಿ, 1 ಶಾಕುವಿಗಿಂತ ಗಿಡ್ಡದ್ದು ತಾಂತೊ.

ಉದ್ದವನ್ನು ಬಾಗಿನ ಮೇಲೆ ಟೇಪು ಹಾಸಿ ಅಳೆಯಬಾರದು. ಮೊನೆಯ ತುದಿಯಿಂದ ಬೆನ್ನಿನ ಕಡೆಯ ಕಚ್ಚಿನವರೆಗೆ (ಇದು ಮುನೆಮಾಚಿ) ನೇರ ಗೆರೆ ಎಳೆದಂತೆ ಅಳೆಯಬೇಕು. ಆ ಗೆರೆಯಿಂದ ಬೆನ್ನು ಅತಿ ಹೆಚ್ಚು ದೂರ ಹೋಗುವ ಜಾಗದ ಅಂತರವೇ ಸೋರಿ, ಅಂದರೆ ಬಾಗು. ಹಿಡಿಯೊಳಗೆ ಹೋಗುವ ಭಾಗದ ಹೆಸರು ನಕಗೊ. ಅದು ಉದ್ದದ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಬೆಲೆಯ ಲೆಕ್ಕದಲ್ಲಿ ಬಹಳ ದೊಡ್ಡ ಪಾಲು ಅದರದು.

ಅಲಗಿನ ಮೇಲೆ ಕಾಣುವುದಕ್ಕೆ ಕಾರಣಗಳು

ಕುಲುಮೆಯಲ್ಲಿ ಏನಾಯಿತು ಎಂದು ತಿಳಿಯದೆ ಅಲಗನ್ನು ನೋಡಿದರೆ ಕಾಣುವುದು ಹೊಳಪು ಮಾತ್ರ.

ಕಚ್ಚಾ ವಸ್ತು ತಮಹಗಾನೆ ಎಂಬ ಉಕ್ಕು. ಕಬ್ಬಿಣದ ಮರಳನ್ನೂ ಇದ್ದಿಲನ್ನೂ ಮಣ್ಣಿನ ಒಲೆಯಲ್ಲಿ ಮೂರು ದಿನ, ಮೂರು ರಾತ್ರಿ ಉರಿಸಿ ಇದನ್ನು ಪಡೆಯುತ್ತಾರೆ. ಆ ಒಲೆಯೇ ತತಾರ. ಜಪಾನಿನ ಕಲಾ ಕತ್ತಿಗಳ ಸಂರಕ್ಷಣಾ ಸಂಘವಾದ ಎನ್‌ಬಿಟಿಎಚ್‌ಕೆ, ಶಿಮಾನೆ ಪ್ರಾಂತದ ಒಕುಇಜುಮೊದಲ್ಲಿ 1977ರಲ್ಲಿ ಈ ಪದ್ಧತಿಗೆ ಮತ್ತೆ ಜೀವ ಕೊಟ್ಟಿತು. ಚಳಿಗಾಲದಲ್ಲಿ ಮಾತ್ರ ಒಲೆ ಹಚ್ಚುತ್ತಾರೆ. ಒಂದು ಸಲಕ್ಕೆ ಸುಮಾರು 10 ಟನ್ ಮರಳು, 12 ಟನ್ ಇದ್ದಿಲು ಸುರಿದರೆ ಸಿಗುವುದು ಸುಮಾರು 2.5 ಟನ್ ಗಟ್ಟಿ. ಅದರಲ್ಲೂ ಒಳ್ಳೆಯ ಉಕ್ಕು ಒಂದು ಭಾಗವಷ್ಟೇ.

ಈ ಉಕ್ಕಿನಲ್ಲಿ ಇಂಗಾಲ ಒಂದೇ ಸಮನಾಗಿ ಹರಡಿರುವುದಿಲ್ಲ, ಕಸವೂ ಸೇರಿರುತ್ತದೆ. ಕಾಯಿಸಿ, ಬಡಿದು, ಮಡಚಿ, ಮತ್ತೆ ಬಡಿಯುವುದು ಅದಕ್ಕಾಗಿ. ಹತ್ತರಿಂದ ಹದಿನೈದು ಮಡಿಕೆ ಸಾಮಾನ್ಯ. ಹದಿನೈದು ಮಡಿಕೆಯಾದರೆ ಲೆಕ್ಕದಲ್ಲಿ 32,768 ಪದರ. ಪ್ರತಿ ಮಡಿಕೆಗೂ ಇಂಗಾಲ ಸ್ವಲ್ಪ ಸ್ವಲ್ಪ ಉರಿದುಹೋಗುತ್ತದೆ, ಆದ್ದರಿಂದ ಹೆಚ್ಚು ಮಡಚಿದಷ್ಟೂ ಕತ್ತಿ ಉತ್ತಮ ಎಂಬ ಮಾತು ತಪ್ಪು. ಪದರಗಳು ಮೈಮೇಲೆ ಮೂಡಿಸುವ ನವುರಾದ ನೇಯ್ಗೆಯೇ ಜಿಹದಾ. ಜಪಾನಿ ಭಾಷೆಯಲ್ಲಿ ಹದಾ ಎಂದರೆ ಚರ್ಮ. ನಮ್ಮ ಕಮ್ಮಾರರು ಹೇಳುವ ‘ಹದ’ಕ್ಕೂ ಇದಕ್ಕೂ ನಂಟಿಲ್ಲ. ಕನ್ನಡದ ‘ಉಕ್ಕು’ ಎಂಬ ಪದದಿಂದಲೇ ‘ವೂಟ್ಸ್’ ಎಂಬ ಹೆಸರು ಬಂದಿತೆಂದು ವಿದ್ವಾಂಸರು ಹೇಳುವ, ದಕ್ಷಿಣ ಭಾರತದ ಮೂಸೆ ಉಕ್ಕಿನ ಮೈಮೇಲೂ ಚಿತ್ತಾರ ಮೂಡುತ್ತದೆ. ಆದರೆ ಅದು ಮೂಸೆಯೊಳಗೆ ನಿಧಾನವಾಗಿ ತಣಿಯುವಾಗ ಕಟ್ಟಿಕೊಂಡ ಹರಳುಗಳ ಚಿತ್ತಾರ. ಜಪಾನಿನದು ಮಡಿಕೆಯ ಚಿತ್ತಾರ. ಎರಡನ್ನೂ ‘ಡಮಾಸ್ಕಸ್’ ಎಂದು ಒಂದೇ ಹೆಸರಿನಡಿ ಮಾರುವವರಿಂದ ದೂರವಿರಿ.

ಕೊನೆಯದು ಹದ ಹಾಕುವ ಹಂತ. ಜೇಡಿಮಣ್ಣು, ಇದ್ದಿಲ ಪುಡಿ, ಸಾಣೆಕಲ್ಲಿನ ಪುಡಿ ಕಲಸಿದ ಲೇಪವನ್ನು ಬೆನ್ನಿಗೆ ದಪ್ಪವಾಗಿ, ಬಾಯಿಗೆ ತೆಳ್ಳಗೆ ಬಳಿಯುತ್ತಾರೆ. 750ರಿಂದ 800 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ ನೀರಿಗೆ ಅದ್ದಿದಾಗ ಬಾಯಿ ಥಟ್ಟನೆ ತಣಿದು ಗಡುಸಾಗುತ್ತದೆ, ಬೆನ್ನು ನಿಧಾನವಾಗಿ ತಣಿದು ಮಿದುವಾಗಿಯೇ ಉಳಿಯುತ್ತದೆ. ಗಡುಸಾದ ಉಕ್ಕು ಹಿಗ್ಗುವುದರಿಂದ ಅಲಗು ಬೆನ್ನಿನ ಕಡೆಗೆ ಬಾಗುತ್ತದೆ. ಬಾಗಿನಲ್ಲಿ ಒಂದು ಭಾಗ ಬಡಿದು ತಂದದ್ದು, ಉಳಿದದ್ದು ನೀರು ಕೊಟ್ಟದ್ದು. ಗಡುಸು ಭಾಗಕ್ಕೂ ಮಿದು ಭಾಗಕ್ಕೂ ನಡುವಿನ ಬಿಳಿಯ ಗಡಿಯೇ ಹಮೊನ್. ಲೇಪ ತಪ್ಪಿದರೆ, ಕಾವು ಹೆಚ್ಚಾದರೆ ಅಲಗು ನೀರಿನಲ್ಲೇ ಬಿರಿಯುತ್ತದೆ, ಅಷ್ಟು ದಿನದ ದುಡಿಮೆ ಅಲ್ಲಿಗೇ ಮುಗಿಯುತ್ತದೆ.

ಬಿಚ್ಚುವ, ಹಿಡಿಯುವ ಕ್ರಮ

ಉಂಗುರ, ಬಳೆ, ಕೈಗಡಿಯಾರ ತೆಗೆದಿಡಿ. ಕೆಳಗೆ ದಪ್ಪ ಬಟ್ಟೆ ಹಾಸಿ. ಕತ್ತಿಯ ಬಾಯಿ ಮೇಲಕ್ಕಿರಲಿ. ಎಡಗೈಯಲ್ಲಿ ಒರೆ, ಬಲಗೈಯಲ್ಲಿ ಹಿಡಿ. ಮೊದಲು ಎರಡು ಮೂರು ಸೆಂ.ಮೀ. ಮೆಲ್ಲಗೆ ಸಡಿಲಿಸಿ, ಆಮೇಲೆ ಬೆನ್ನು ಮಾತ್ರ ಒರೆಯ ಒಳಮೈಗೆ ತಾಗುವಂತೆ ಒಂದೇ ಎಳೆತದಲ್ಲಿ ಹೊರತೆಗೆಯಿರಿ. ಪಕ್ಕಕ್ಕೆ ಒತ್ತಿದರೆ ಅಲಗಿನ ಮೈಮೇಲೆ ಉದ್ದಕ್ಕೂ ಗೀರು ಬೀಳುತ್ತದೆ. ಬಾಯಿ ತಾಗಿದರೆ ಒರೆಯೇ ಸೀಳಿ ಬೆರಳು ಕುಯ್ಯಬಹುದು.

ಹಿಡಿಯನ್ನು ಅಲಗಿಗೆ ಬಿಗಿದಿರುವುದು ಮೆಕುಗಿ ಎಂಬ ಒಂದು ಬಿದಿರ ಮೊಳೆ. ಅದು ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ. ಸಣ್ಣ ತುದಿಯ ಕಡೆಯಿಂದ ಪುಟ್ಟ ಹಿತ್ತಾಳೆ ಸುತ್ತಿಗೆಯಲ್ಲಿ ತಟ್ಟಿ ಹೊರದೂಡಿ. ಬಳಿಕ ಎಡಗೈಯಲ್ಲಿ ಹಿಡಿಯ ತುದಿ ಹಿಡಿದು, ಅಲಗನ್ನು ನೇರ ನಿಲ್ಲಿಸಿ ತುಸು ಹಿಂದಕ್ಕೆ ವಾಲಿಸಿ, ಬಲಗೈ ಮುಷ್ಟಿಯಿಂದ ಎಡ ಮಣಿಕಟ್ಟಿನ ಮೇಲೆ ಹಗುರವಾಗಿ ಗುದ್ದಿ. ಎರಡು ಮೂರು ಗುದ್ದಿಗೆ ನಕಗೊ ಸಡಿಲವಾಗುತ್ತದೆ. ಗಿಡ್ಡ ತಾಂತೊಗೆ ಈ ಗುದ್ದು ಬಹಳ ಮೆಲ್ಲಗಿರಬೇಕು, ಜೋರಾದರೆ ಅಲಗು ಹಾರಿ ಬಂದು ಗಾಯ ಮಾಡುತ್ತದೆ. ಸಡಿಲವಾಗದಿದ್ದರೆ ಬಲ ಹಾಕದೆ ನಿಲ್ಲಿಸಿಬಿಡಿ. ಹಳೆಯ ಹಿಡಿಯ ಮರ ಸೀಳುವುದು ಹೀಗೇ.

ಬರಿಯ ಅಲಗನ್ನು ನಕಗೊದಲ್ಲಿ ಮಾತ್ರ ಹಿಡಿಯಿರಿ. ಬೆರಳ ಬೆವರಿನ ಉಪ್ಪು ಕೆಲವೇ ದಿನಗಳಲ್ಲಿ ತುಕ್ಕಿನ ಗುರುತಾಗುತ್ತದೆ. ಅಲಗಿನ ಮೇಲೆ ಮಾತಾಡಬೇಡಿ, ಉಗುಳಿನ ಹನಿಯೂ ಅದೇ ಕೆಲಸ ಮಾಡುತ್ತದೆ. ಇನ್ನೊಬ್ಬರಿಗೆ ಕೊಡುವಾಗ ಅಲಗು ನೆಟ್ಟಗಿರಲಿ, ಬಾಯಿ ಕೊಡುವವರ ಕಡೆಗಿರಲಿ.

ನೋಡುವ ಕ್ರಮ: ಮೊದಲು ಆಕಾರ

ಕಣ್ಣು ಸೀದಾ ಹಮೊನ್‌ಗೆ ಹೋಗುತ್ತದೆ, ಅದನ್ನು ತಡೆಯಿರಿ. ತೋಳು ಚಾಚಿ ಅಲಗನ್ನು ನೆಟ್ಟಗೆ ಹಿಡಿದು ಬರಿಯ ಆಕಾರ ನೋಡಿ. ಕಾಲ ಗೊತ್ತಾಗುವುದು ಇಲ್ಲಿಯೇ.

ಹೇಯಾನ್ ಕಾಲದ ಕೊನೆ ಮತ್ತು ಕಾಮಾಕುರ ಕಾಲದ ಆರಂಭದ (ಸುಮಾರು ಹನ್ನೆರಡನೇ ಶತಮಾನದ) ತಾಚಿ ತೆಳ್ಳಗೆ, ಬುಡದಲ್ಲಿ ಅಗಲ, ಮೊನೆಗೆ ಹೋಗುತ್ತ ಕಿರಿದು. ಬಾಗಿನ ಕೇಂದ್ರ ಹಿಡಿಯ ಹತ್ತಿರ, ಮೊನೆ ಪುಟ್ಟದು. ಹದಿಮೂರನೇ ಶತಮಾನದ ನಡುವಿಗೆ ಅಲಗು ಅಗಲವಾಗಿ ಮೊನೆ ಗಿಡ್ಡ ಮತ್ತು ದಪ್ಪವಾಯಿತು. ಹದಿನಾಲ್ಕನೇ ಶತಮಾನದ ನಂಬೊಕುಚೊ ಕಾಲದಲ್ಲಿ ಅಗಲ ಇನ್ನೂ ಹೆಚ್ಚಿತು, ಮೊನೆ ಉದ್ದವಾಯಿತು, ದಪ್ಪ ಮಾತ್ರ ಕಡಿಮೆಯಾಯಿತು. ಈ ದೈತ್ಯ ಕತ್ತಿಗಳಲ್ಲಿ ಹೆಚ್ಚಿನವನ್ನು ಮುಂದಿನ ಪೀಳಿಗೆಯವರು ಬುಡದಿಂದ ಕತ್ತರಿಸಿ ಗಿಡ್ಡ ಮಾಡಿಕೊಂಡರು. ಹದಿನಾರನೇ ಶತಮಾನದ ಯುದ್ಧಕಾಲದ ಕತಾನ ಒಂದು ಕೈಯಲ್ಲಿ ಬೀಸಲು ಮಾಡಿದ್ದು: 60ರಿಂದ 65 ಸೆಂ.ಮೀ. ಉದ್ದ, ಗಿಡ್ಡ ನಕಗೊ, ಬಾಗು ಮೊನೆಯ ಕಡೆಗೆ. 1661ರಿಂದ 1673ರವರೆಗಿನ ಕಾನ್‌ಬುನ್ ಶಕೆಯ ಕತ್ತಿಯನ್ನು ದೂರದಿಂದಲೇ ಗುರುತಿಸಬಹುದು. ಬಾಗು ತೀರಾ ಕಡಿಮೆ, ಮೊನೆ ಸಣ್ಣದು. ಬಿದಿರ ಕತ್ತಿಯ ಅಭ್ಯಾಸ ಹೆಚ್ಚಿದ್ದು ಇದಕ್ಕೆ ಕಾರಣವೆಂದು ಹೇಳುತ್ತಾರೆ. ಹದಿನೆಂಟನೇ ಶತಮಾನದ ಕೊನೆಯಿಂದ ಕಮ್ಮಾರರು ಹಳೆಯ ದೊಡ್ಡ ಆಕಾರಗಳನ್ನು ಮತ್ತೆ ಅನುಕರಿಸಿದರು. ಆದರೆ ಆ ಅಲಗುಗಳು ದಪ್ಪ, ಭಾರ, ಸಾಣೆಯಲ್ಲಿ ಸವೆಯದವು.

ಈ ಕಾಲಗಳಿಗೆ ಸಂಗ್ರಾಹಕರ ಹೆಸರುಗಳಿವೆ: 1596ರವರೆಗಿನದು ಕೋತೊ, ಅಲ್ಲಿಂದ 1780ರ ದಶಕದ ಆರಂಭದವರೆಗೆ ಶಿಂತೊ, ಆಮೇಲೆ ಕತ್ತಿ ಧರಿಸುವುದನ್ನು ನಿಷೇಧಿಸಿದ 1876ರ ಆಜ್ಞೆಯವರೆಗೆ ಶಿನ್‌ಶಿಂತೊ, ಮುಂದಿನದು ಗೆಂದೈತೊ.

ಆಮೇಲೆ ಮೈ ಮತ್ತು ಹಮೊನ್

ಕೋಣೆ ಮಬ್ಬಾಗಿರಲಿ, ಒಂದೇ ಒಂದು ಸಣ್ಣ ಪ್ರಖರ ದೀಪ ಇರಲಿ. ಟ್ಯೂಬ್‌ಲೈಟಿನ ಬೆಳಕು ಎಲ್ಲ ಕಡೆಯಿಂದ ಬರುವುದರಿಂದ ಏನೂ ಕಾಣುವುದಿಲ್ಲ. ಮೊದಲು ದೀಪದ ನೇರ ಕೆಳಗೆ ಹಿಡಿದು ಮೈಯ ನೇಯ್ಗೆ ನೋಡಿ. ಮರದ ಹಲಗೆಯ ಮೈಯಂತಿದ್ದರೆ ಇತಾಮೆ, ಗಂಟಿನ ಸುಳಿಯಂತಿದ್ದರೆ ಮೊಕುಮೆ, ನೇರ ಗೆರೆಗಳಿದ್ದರೆ ಮಸಾಮೆ. ಅಲೆಯಲೆಯಾಗಿ ಏರಿಳಿಯುವ ಅಯಾಸುಗಿ ಗಾಸ್ಸಾನ್ ಎಂಬ ಕಮ್ಮಾರ ಪರಂಪರೆಯ ಗುರುತು. ಬಿಜೆನ್ ಪ್ರಾಂತದ ಹಳೆಯ ಅಲಗುಗಳಲ್ಲಿ ಹಮೊನ್‌ಗೂ ಬೆನ್ನಿಗೂ ನಡುವೆ ಬೆಳಗಿನ ಮಂಜಿನಂಥ ಬಿಳಿಯ ನೆರಳು ಸುಳಿಯುತ್ತದೆ, ಅದು ಉತ್ಸುರಿ. ಅದನ್ನು ಒಮ್ಮೆ ಕಂಡ ಕಣ್ಣು ಮರೆಯುವುದಿಲ್ಲ.

ಬಳಿಕ ಅಲಗನ್ನು ಕಣ್ಣಿನ ಮಟ್ಟಕ್ಕೆ ತಂದು ಮೊನೆಯನ್ನು ದೀಪದ ಕಡೆಗೆ ತಿರುಗಿಸಿ. ದೀಪದ ಪ್ರತಿಬಿಂಬವನ್ನೇ ನೋಡದೆ ಅದರ ಪಕ್ಕದ ಜಾಗ ನೋಡಿ, ಪ್ರತಿಬಿಂಬವನ್ನು ಮೆಲ್ಲಗೆ ಬುಡದಿಂದ ಮೊನೆಗೆ ಸರಿಸಿ. ಹಮೊನ್‌ನ ಗಡಿಯಲ್ಲಿ ಬಿಡಿಬಿಡಿಯಾಗಿ ಮಿನುಗುವ ಹರಳುಗಳಿದ್ದರೆ ಅದು ನಿಯೆ. ಬಿಡಿಯಾಗಿ ಕಾಣದೆ ಹಾಲುಹಾದಿಯಂತೆ ಮಸುಕಾಗಿ ಹರಡಿದ್ದರೆ ನಿಯೊಯಿ. ಎರಡೂ ಒಂದೇ ರಚನೆಯವು, ಗಾತ್ರ ಮಾತ್ರ ಬೇರೆ. ಸೋಶು ಪರಂಪರೆಯವರು, ಅಂದರೆ ಹೆಸರಾಂತ ಕಮ್ಮಾರ ಮಾಸಾಮುನೆಯ ಕಡೆಯವರು, ನಿಯೆಗೆ ಹೆಸರಾದವರು. ಬಿಜೆನ್‌ನವರದು ನಿಯೊಯಿ. ಯಾಮಾತೊ, ಯಾಮಾಶಿರೊ, ಮಿನೊ ಸೇರಿದರೆ ಐದು ಮುಖ್ಯ ಪರಂಪರೆಗಳು.

ಹಮೊನ್‌ನ ಆಕಾರ ನೇರ ಗೆರೆಯಾದರೆ ಸುಗುಹ, ಅಲೆಯಾದರೆ ನೊತಾರೆ, ಅರ್ಧಚಂದ್ರಗಳ ಸಾಲಾದರೆ ಗುನೊಮೆ, ಲವಂಗದ ಮೊಗ್ಗುಗಳಂತಿದ್ದರೆ ಚೋಜಿ. ಮಿನೊ ಪ್ರಾಂತದ ಮಾಗೊರೊಕು ಕಾನೆಮೊತೊ ಮಾಡಿದ, ಮೂರು ಮೂರು ಮರ ನಿಂತಂಥ ಚೂಪು ಹಮೊನ್‌ಗೆ ಸಾಂಬೊನ್‌ಸುಗಿ ಎಂದೇ ಹೆಸರು. ಸುಗುಹ ಸರಳ, ಆದ್ದರಿಂದ ಅಗ್ಗ ಎಂದು ಹೊಸಬರು ತಿಳಿಯುತ್ತಾರೆ. ಎರಡು ಅಡಿ ಉದ್ದಕ್ಕೂ ಗಡಿ ಎಲ್ಲಿಯೂ ಮಂಕಾಗದಂಥ ನೇರ ಗೆರೆ ತರುವುದು ಅಬ್ಬರದ ಚಿತ್ತಾರಕ್ಕಿಂತ ಕಷ್ಟದ ಕೆಲಸ.

ಫೋಟೊ ನೋಡಿ ತೀರ್ಮಾನಿಸುವವರಿಗೆ ಒಂದು ಎಚ್ಚರಿಕೆ. ಈಗಿನ ಸಾಣೆಯವರು ಹೆಚ್ಚಾಗಿ ಹದೋರಿ ಎಂಬ ಬಗೆಯಲ್ಲಿ ಹಮೊನ್‌ನ ಜಾಗವನ್ನು ಬೆರಳಂಚಿನಷ್ಟು ತೆಳುವಾದ ಕಲ್ಲಿನಿಂದ ಉಜ್ಜಿ ಬಿಳುಪಾಗಿಸುತ್ತಾರೆ. ಫೋಟೊದಲ್ಲಿ ಎದ್ದು ಕಾಣುವ ಬಿಳಿ ಪಟ್ಟಿ ಆ ಸಾಣೆಯದು. ನಿಜವಾದ ಹಮೊನ್ ಅದರೊಳಗೆ ಬೇರೆ ದಾರಿ ಹಿಡಿದಿರಬಹುದು. ಅದು ದೀಪದ ಓರೆ ಬೆಳಕಿಗೆ ಮಾತ್ರ ಕಾಣುತ್ತದೆ. ಯಾವ ಕೋನದಲ್ಲಿ ಹಿಡಿದರೂ ಒಂದೇ ಸಮನೆ ಬೂದುಬಣ್ಣದಲ್ಲಿ ಕಂಡು, ಒಳಗೆ ನಿಯೆಯಾಗಲಿ ನಿಯೊಯಿಯಾಗಲಿ ಇಲ್ಲದಿದ್ದರೆ ಅದು ಆಸಿಡ್ಡಿನಲ್ಲಿ ಬರೆದ ಗೆರೆ. ಈಚಿನ ನಕಲಿಗಳಲ್ಲಿ ಅದೇ ಸಾಮಾನ್ಯ.

ಕೊನೆಗೆ ಮೊನೆಯೊಳಗಿನ ಹಮೊನ್, ಅಂದರೆ ಬೋಶಿ. ಅದು ಮೊನೆಯಲ್ಲಿ ತಿರುಗಿ ಬೆನ್ನಿಗೆ ಬರಬೇಕು. ಮೊನೆ ಮುರಿದು ಹೊಸದಾಗಿ ತಿದ್ದಿದ ಅಲಗಿನಲ್ಲಿ ಬೋಶಿ ಅಂಚಿನಿಂದ ಹೊರಗೆ ಓಡಿಹೋಗಿರುತ್ತದೆ ಅಥವಾ ಇರುವುದೇ ಇಲ್ಲ. ಬೋಶಿ ಇಲ್ಲದ ಅಲಗನ್ನು ಕೊಳ್ಳಬೇಡಿ.

ನಕಗೊ ಓದುವುದು

ಇಡೀ ಅಲಗಿನಲ್ಲಿ ಎಂದೂ ಸಾಣೆ ಮುಟ್ಟದ ಭಾಗ ಇದು. ಶತಮಾನಗಳ ತುಕ್ಕು ಇಲ್ಲಿ ಪದರವಾಗಿ ಕೂತು ಕಪ್ಪು ಅಥವಾ ಗಾಢ ಕಂದು ಬಣ್ಣ ತಾಳಿರುತ್ತದೆ. ನಕಗೊವನ್ನು ಉಜ್ಜಿ ಹೊಳಪು ಮಾಡಿದ ದಿನವೇ ಆ ಕತ್ತಿಯ ವಯಸ್ಸಿನ ಸಾಕ್ಷಿ ಅಳಿಯುತ್ತದೆ. ಬೆಲೆಯೂ ಅದರೊಡನೆ ಹೋಗುತ್ತದೆ. ಮನೆಯಲ್ಲಿ ಹಿತ್ತಾಳೆ ತಿಕ್ಕುವ ಹುಣಸೆಹಣ್ಣು, ಉಪ್ಪುಕಾಗದ, ಪಾಲಿಶ್ ಯಾವುದೂ ಇದರ ಹತ್ತಿರ ಸುಳಿಯಬಾರದು.

ಮೊದಲು ತುಕ್ಕಿನ ಬಣ್ಣ ನೋಡಿ. ಕಿತ್ತಳೆ ಬಣ್ಣದ ಪುಡಿ ತುಕ್ಕು ಈಚಿನದು. ಎಲ್ಲ ಕಡೆ ಒಂದೇ ಸಮನಾದ, ಆಳವಿಲ್ಲದ ಕಂದು ರಾಸಾಯನಿಕದಿಂದ ಬಂದಿರಬಹುದು. ಎರಡನೆಯದು ಅರದ ಗೀರು. ಅಡ್ಡ, ಓರೆ, ಹೆರಿಂಗ್ ಮೀನಿನ ಮುಳ್ಳಿನಂತೆ ಎರಡೂ ಕಡೆ ಇಳಿಜಾರು ಹೀಗೆ ಪರಂಪರೆಗೊಂದು ಬಗೆ. ಮೇಲ್ಭಾಗದಲ್ಲಿ ಅಲಂಕಾರಕ್ಕೆಂದು ಹಾಕಿದ ಬೇರೆ ಬಗೆಯ ಗೀರುಗಳಿದ್ದರೆ ಅದು ಶಿಂತೊ ಕಾಲ ಅಥವಾ ಆಮೇಲಿನದು. ಆ ಗೀರಿನೊಂದಿಗೆ ಹದಿನಾಲ್ಕನೇ ಶತಮಾನದ ಸಹಿ ಇದ್ದರೆ ಎಲ್ಲೋ ತಪ್ಪಿದೆ. ಮೂರನೆಯದು ರಂಧ್ರಗಳು. ಒಂದಕ್ಕಿಂತ ಹೆಚ್ಚಿದ್ದರೆ ಅಲಗನ್ನು ಗಿಡ್ಡ ಮಾಡಿರುವ ಅಥವಾ ಹಿಡಿ ಬದಲಿಸಿರುವ ಸಾಧ್ಯತೆ. ಬುಡ ಪೂರ್ತಿ ಹೋಗಿ ಸಹಿಯೂ ಹೋಗಿದ್ದರೆ ಓ-ಸುರಿಯಾಗೆ ಎನ್ನುತ್ತಾರೆ. ಹಳೆಯ ದೊಡ್ಡ ಕತ್ತಿಗಳಲ್ಲಿ ಅದು ದೋಷವಲ್ಲ.

ಸಹಿ, ಅಂದರೆ ಮೆಯ್, ಯಾವ ಮುಖದಲ್ಲಿದೆ ನೋಡಿ. ಮೊನೆ ಮೇಲಕ್ಕಿರಿಸಿ, ಬಾಯಿ ನಿಮ್ಮ ಎಡಕ್ಕಿದ್ದಾಗ ಎದುರಾಗುವ ಮುಖದಲ್ಲಿ ಸಹಿ ಇದ್ದರೆ ಅದು ಕತಾನ. ಬಾಯಿ ಬಲಕ್ಕಿದ್ದಾಗ ಎದುರಾದರೆ ತಾಚಿ. ಸೊಂಟದಲ್ಲಿ ಕತಾನವನ್ನು ಬಾಯಿ ಮೇಲಾಗಿ ಸಿಕ್ಕಿಸುತ್ತಿದ್ದರು, ತಾಚಿಯನ್ನು ಬಾಯಿ ಕೆಳಗಾಗಿ ತೂಗಹಾಕುತ್ತಿದ್ದರು. ಎರಡರಲ್ಲೂ ಸಹಿ ಹೊರಮುಖಕ್ಕೆ ಬರಬೇಕಿತ್ತು. ಹಿಜೆನ್‌ನ ತಾದಾಯೊಶಿ ಎಂಬ ಕಮ್ಮಾರ ಮನೆತನದವರು ಕತಾನಕ್ಕೂ ತಾಚಿಯಂತೆ ಸಹಿ ಹಾಕಿದರು, ಅದು ಅವರ ರೂಢಿ.

ಬರಹದಲ್ಲಿ ಸಾಮಾನ್ಯವಾಗಿ ಪ್ರಾಂತ, ಊರು, ಹೆಸರು ಬರುತ್ತವೆ, ಹಿಂಬದಿಯಲ್ಲಿ ಶಕೆಯ ವರ್ಷ, ತಿಂಗಳು. ತಿಂಗಳು ಬಹುಪಾಲು ಎರಡನೆಯದು ಅಥವಾ ಎಂಟನೆಯದೇ ಆಗಿರುತ್ತದೆ. ಹೆಸರು ನಿಜವಾದುದೇ ಆಗಿದ್ದರೂ ಕತ್ತಿ ಸಾಧಾರಣವಿರಬಹುದು. ‘ಬಿಶು ಒಸಾಫುನೆ ಸುಕೆಸಾದಾ’ ಎಂಬ ಗಿಡ್ಡ ಸಹಿಯ ಕತ್ತಿಗಳು ಹದಿನಾರನೇ ಶತಮಾನದ ಯುದ್ಧಕಾಲದಲ್ಲಿ ರಾಶಿ ರಾಶಿಯಾಗಿ ತಯಾರಾದವು. ಅದೇ ಹೆಸರಿನೊಡನೆ ‘ಯೊಸೊಜಾಏಮೊನ್ ನೊ ಜೊ’ ಎಂಬ ವೈಯಕ್ತಿಕ ಹೆಸರೂ ಸೇರಿದ್ದರೆ ಅದು ವಿಶೇಷ ಬೇಡಿಕೆಯ ಮೇಲೆ ಮಾಡಿದ, ಎಷ್ಟೋ ಪಾಲು ಮೇಲಾದ ಕೆಲಸ. ದೊಡ್ಡ ಹೆಸರಾದಷ್ಟೂ ಅನುಮಾನ ಹೆಚ್ಚಿರಲಿ. ಕೊತೆತ್ಸು ಎಂಬ ಹೆಸರಾಂತ ಕಮ್ಮಾರನ ಸಹಿ ಕಂಡರೆ ಮೊದಲು ನಕಲಿಯೆಂದೇ ತಿಳಿ ಎಂಬ ಮಾತು ಜಪಾನಿನ ಸಂಗ್ರಾಹಕರಲ್ಲಿದೆ. ಭೂತಗನ್ನಡಿಯಲ್ಲಿ ಉಳಿಯ ಗೆರೆಯ ಒಳಗೆ ನೋಡಿ. ಹೊರಗಿನಷ್ಟೇ ಹಳೆಯ ತುಕ್ಕು ಒಳಗೂ ಇರಬೇಕು. ಒಳಗೆ ತಿಳಿಯಾಗಿ, ಹೊರಗೆ ಕಪ್ಪಾಗಿದ್ದರೆ ಸಹಿ ಆಮೇಲೆ ಸೇರಿಸಿದ್ದು.

ಯಾವ ಊನ ಸಹಿಸಬಹುದು, ಯಾವುದು ಬಾರದು

ಐನೂರು ವರ್ಷದ ಅಲಗಿನಲ್ಲಿ ಒಂದೆರಡು ಊನ ಇದ್ದೇ ಇರುತ್ತವೆ. ಪದರಗಳ ನಡುವೆ ತೆರೆದ ಸಣ್ಣ ಸೀಳು, ಒಳಗೆ ಗಾಳಿ ಅಥವಾ ಕಸ ಸಿಕ್ಕಿ ಎದ್ದ ಬೊಕ್ಕೆ, ಸವೆದು ಹೊರಬಂದ ಒಳಗಿನ ಮಿದು ಕಬ್ಬಿಣ ಇವು ಬೆಲೆ ಇಳಿಸುತ್ತವೆ, ಕತ್ತಿಯನ್ನು ಕೊಲ್ಲುವುದಿಲ್ಲ.

ಕೊಲ್ಲುವುದು ಹಗಿರೆ. ಬಾಯಿಯಿಂದ ಬೆನ್ನಿನ ಕಡೆಗೆ ನೆಟ್ಟಗೆ ಏಳುವ, ಕೂದಲೆಳೆಯಷ್ಟು ತೆಳುವಾದ ಬಿರುಕು ಅದು. ಗಡುಸು ಉಕ್ಕಿನಲ್ಲಿ ಹುಟ್ಟಿದ ಬಿರುಕು ಮುಂದುವರಿಯುತ್ತಲೇ ಹೋಗುತ್ತದೆ, ದುರಸ್ತಿಯಿಲ್ಲ. ಫೋಟೊದಲ್ಲಿ ಇದು ಕಾಣುವುದೇ ಇಲ್ಲ. ಬಾಯಿಯನ್ನು ಮೇಲೆ ಮಾಡಿ ದೀಪದ ಕೆಳಗೆ ಬುಡದಿಂದ ಮೊನೆಯವರೆಗೆ ಭೂತಗನ್ನಡಿ ಸರಿಸಿ ಹುಡುಕಬೇಕು. ಅಂಚಿನಲ್ಲಿ ಹಲ್ಲು ಬಿದ್ದ ಜಾಗಗಳ ಸುತ್ತ ಎರಡು ಸಲ ನೋಡಿ.

ಎರಡನೆಯದು ಬೆಂಕಿಗೆ ಸಿಕ್ಕಿ ಹದ ಕಳೆದುಕೊಂಡು ಮತ್ತೆ ಹದ ಹಾಕಿಸಿಕೊಂಡ ಅಲಗು. 1615ರಲ್ಲಿ ಒಸಾಕಾ ಕೋಟೆ ಬಿದ್ದಾಗ, 1657ರ ಎದೊ (ಈಗಿನ ಟೋಕಿಯೋ) ಬೆಂಕಿಯಲ್ಲಿ ಅನೇಕ ಕತ್ತಿಗಳು ಸುಟ್ಟವು. ಒಸಾಕಾದಲ್ಲಿ ಸುಟ್ಟ ಹೆಸರಾಂತ ಅಲಗುಗಳಿಗೆ ಎಚಿಜೆನ್‌ನ ಯಾಸುತ್ಸುಗು ಎಂಬ ಕಮ್ಮಾರ, ಆಗ ಆಳುತ್ತಿದ್ದ ತೊಕುಗಾವಾ ಮನೆತನಕ್ಕಾಗಿ ಮತ್ತೆ ಹದ ಹಾಕಿದ. ಅಂಥ ಇತಿಹಾಸವಿಲ್ಲದ ಕತ್ತಿಯಲ್ಲಿ ಮರುಹದ ದೊಡ್ಡ ನಷ್ಟ. ನಕಗೊ ಮೇಲಿನ ಕಚ್ಚಿನ ಬಳಿ ಓರೆಯಾಗಿ ಏಳುವ ಮಸುಕು ಛಾಯೆ, ಸೀದು ಸುಲಿದಂತಿರುವ ನಕಗೊ, ಕಾಲಕ್ಕೆ ಹೊಂದದ ಬಾಗು ಇವು ಅದರ ಸುಳಿವು.

ಮೂರನೆಯದು ಆಯಾಸ. ಪ್ರತಿ ಸಾಣೆಯೂ ಉಕ್ಕನ್ನು ತಿನ್ನುತ್ತದೆ. ಕ್ಯಾಲಿಪರ್‌ನಲ್ಲಿ ನಕಗೊದ ದಪ್ಪವನ್ನೂ ಕಚ್ಚಿನಿಂದ ತುಸು ಮೇಲೆ ಅಲಗಿನ ದಪ್ಪವನ್ನೂ ಅಳೆಯಿರಿ. ಬೆನ್ನಿನ ದಪ್ಪ 6ರಿಂದ 7 ಮಿ.ಮೀ. ಇರುವುದು ಸಾಮಾನ್ಯ. ನಕಗೊ ದಪ್ಪಗಿದ್ದು ಅಲಗು ಗಮನಾರ್ಹವಾಗಿ ತೆಳುವಾಗಿದ್ದರೆ ಅದು ಹಲವು ಸಾಣೆ ಕಂಡು ಬಳಲಿದ ಕತ್ತಿ, ಇನ್ನೊಂದು ಸಾಣೆ ತಾಳುವುದೇ ಅನುಮಾನ.

ಕಾಗದಪತ್ರ

ಜಪಾನಿನಲ್ಲಿ ಸಾಂಪ್ರದಾಯಿಕವಾಗಿ ಮಾಡಿದ ಪ್ರತಿ ಕತ್ತಿಗೂ ತೊರೊಕುಶೊ ಎಂಬ ನೋಂದಣಿ ಚೀಟಿ ಇರುತ್ತದೆ. ಬಗೆ, ಉದ್ದ, ಬಾಗು, ರಂಧ್ರಗಳ ಸಂಖ್ಯೆ, ಸಹಿ ಅದರಲ್ಲಿ ನಮೂದಾಗಿರುತ್ತವೆ. ಅಲಗನ್ನು ಅಳೆದು ಚೀಟಿಯೊಡನೆ ಹೋಲಿಸಿ. ಇದು ಕಾನೂನಿನ ಚೀಟಿ ಮಾತ್ರ, ಸಹಿ ಅಸಲಿ ಎಂಬುದಕ್ಕೆ ಪ್ರಮಾಣವಲ್ಲ. ಎಷ್ಟೋ ಮಾರಾಟಗಾರರು ಇದನ್ನು ‘ಸರ್ಕಾರಿ ಪ್ರಮಾಣಪತ್ರ’ ಎಂದು ತೋರಿಸಿ ಹೊಸಬರನ್ನು ದಾರಿ ತಪ್ಪಿಸುತ್ತಾರೆ.

ಕಲೆಯ ಪರಿಶೀಲನೆ ಬೇರೆ. 1948ರಲ್ಲಿ ಸ್ಥಾಪನೆಯಾದ ಎನ್‌ಬಿಟಿಎಚ್‌ಕೆ ನಾಲ್ಕು ದರ್ಜೆಯ ಪತ್ರ ಕೊಡುತ್ತದೆ: ಹೊಜೊನ್, ತೊಕುಬೆತ್ಸು ಹೊಜೊನ್, ಜೂಯೊ, ತೊಕುಬೆತ್ಸು ಜೂಯೊ. ಸಹಿ ನಕಲಿಯೆಂದು ಕಂಡರೆ ಪತ್ರ ಸಿಗುವುದಿಲ್ಲ. ಮೊದಲ ಕತ್ತಿಗೆ ಹೊಜೊನ್ ಅಥವಾ ಅದರ ಮೇಲಿನ ದರ್ಜೆ ಸಾಕು. 1982ಕ್ಕೆ ಮುಂಚಿನ ಬಿಳಿ ಮತ್ತು ಹಸಿರು ಬಣ್ಣದ ಹಳೆಯ ಪತ್ರಗಳನ್ನು, ಅದರಲ್ಲೂ ದೊಡ್ಡ ಹೆಸರಿಗೆ ಕೊಟ್ಟವನ್ನು, ಮರುಪರಿಶೀಲನೆಯಾಗದೆ ನಂಬಬೇಡಿ.

ಅದೇ ಹಣಕ್ಕೆ ಸಾಧಾರಣ ಕತಾನಕ್ಕಿಂತ ಒಳ್ಳೆಯ ವಾಕಿಜಾಶಿ ಸಿಗುತ್ತದೆ. ಕಲಿಯಲು ಹೊರಟವರು ಎರಡನೆಯದನ್ನು ಆರಿಸಿಕೊಳ್ಳುವುದು ಮೇಲು. ಸಾಣೆ ಹಳಸಿದ ಅಲಗು ಅಗ್ಗವೆಂದು ಕೊಂಡು ಹೊಸ ಸಾಣೆ ಮಾಡಿಸುವ ಲೆಕ್ಕಾಚಾರ ಸಾಮಾನ್ಯವಾಗಿ ಕೈಕಚ್ಚುತ್ತದೆ. ಸಾಣೆಯ ಕೂಲಿ ಸುನ್ ಲೆಕ್ಕದಲ್ಲಿ, ಒಳ್ಳೆಯ ಕುಶಲಕರ್ಮಿಯ ಸರದಿಗೆ ತಿಂಗಳುಗಟ್ಟಲೆ ಕಾಯಬೇಕು. ಕೆಸರಿನಂಥ ಹಳೆಯ ಸಾಣೆಯ ಕೆಳಗೆ ಹಗಿರೆ ಅಡಗಿದ್ದರೆ ಎರಡೂ ಖರ್ಚು ವ್ಯರ್ಥ.

ಎರಡನೇ ಮಹಾಯುದ್ಧದ ಸೈನಿಕ ಕತ್ತಿಗಳ ವಿಷಯವೂ ಇಲ್ಲೇ ಹೇಳಬೇಕು. ಅವುಗಳಲ್ಲಿ ಬಹುಪಾಲು ಕಾರ್ಖಾನೆಯ ಉಕ್ಕಿನವು, ಎಣ್ಣೆಯಲ್ಲಿ ಹದ ಹಾಕಿದವು, ನಕಗೊದಲ್ಲಿ ಮುದ್ರೆ ಇರುವವು. ಸಾಂಪ್ರದಾಯಿಕ ವಿಧಾನದವಲ್ಲವಾದ್ದರಿಂದ ಜಪಾನಿನಲ್ಲಿ ಅವುಗಳಿಗೆ ನೋಂದಣಿಯಿಲ್ಲ. ಆದರೆ ನಕ್ಷತ್ರದ ಮುದ್ರೆಯವು ಸೇನೆ ಒಪ್ಪಿದ ಕಮ್ಮಾರರು ತಮಹಗಾನೆಯಿಂದ ಮಾಡಿದವು.

ತರಿಸುವುದು

ಜಪಾನಿನಿಂದ ಹೊರಗೆ ಕಳಿಸಲು ಅಲ್ಲಿನ ಸಾಂಸ್ಕೃತಿಕ ವ್ಯವಹಾರಗಳ ಇಲಾಖೆಯ ಅನುಮತಿ ಬೇಕು. ನೋಂದಣಿ ಚೀಟಿಯನ್ನು ಮರಳಿಸಬೇಕು, ಇದಕ್ಕೆ ಕೆಲವು ವಾರ ಹಿಡಿಯುತ್ತದೆ. ಇದನ್ನೆಲ್ಲ ಮಾರಾಟಗಾರ ಮಾಡಬೇಕು, ಮಾಡದೆ ಅಂಚೆಗೆ ಹಾಕುತ್ತೇನೆಂದರೆ ಒಪ್ಪಬೇಡಿ.

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಕತ್ತಿಯ ಆಮದಿಗೆ ಪರವಾನಗಿ ಬೇಕು. 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗು ಆ ಪಟ್ಟಿಗೆ ಸೇರುತ್ತದೆ. ಹಣ ಕಟ್ಟುವ ಮೊದಲು ಜಿಲ್ಲಾಧಿಕಾರಿ ಅಥವಾ ಪೊಲೀಸ್ ಕಮಿಷನರ್ ಕಚೇರಿಯಲ್ಲೂ ಕಸ್ಟಮ್ಸ್‌ನಲ್ಲೂ ಬರವಣಿಗೆಯಲ್ಲಿ ಕೇಳಿ. ‘ಅಲಂಕಾರದ ವಸ್ತು’ ಎಂದು ಬರೆಸಿ ತರಿಸಿದರೆ ಮುಟ್ಟುಗೋಲಾದಾಗ ವಾದಿಸಲು ಏನೂ ಉಳಿಯುವುದಿಲ್ಲ. ಇನ್ನೊಂದು ತೊಡಕು: ನೂರು ವರ್ಷ ದಾಟಿದ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವುದನ್ನು 1972ರ ಪುರಾತನ ವಸ್ತುಗಳ ಕಾಯ್ದೆ ತಡೆಯುತ್ತದೆ. ಸಾಣೆಗೆಂದು ಮತ್ತೆ ಜಪಾನಿಗೆ ಕಳಿಸುವುದು ಸಲೀಸಲ್ಲ. ಆದ್ದರಿಂದ ಸಾಣೆ, ಪತ್ರ ಎಲ್ಲ ಮುಗಿದ ಅಲಗನ್ನೇ ಆರಿಸಿ. ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಬೇರೆ ನಿಯಮ: 50 ಸೆಂ.ಮೀ. ಮೀರಿದ ಬಾಗು ಕತ್ತಿಗೆ ಅಲ್ಲಿ 2008ರಿಂದ ನಿರ್ಬಂಧವಿದೆ, 1954ಕ್ಕೆ ಮುಂಚಿನದಕ್ಕೆ ಅಥವಾ ಸಾಂಪ್ರದಾಯಿಕವಾಗಿ ತಯಾರಾದುದಕ್ಕೆ ವಿನಾಯಿತಿಯಿದೆ. ಅದನ್ನು ಸಾಬೀತು ಮಾಡಲು ಪತ್ರ ಕೈಯಲ್ಲಿರಲಿ.

ಇಷ್ಟು ತೊಡಕು ಬೇಡವೆನಿಸಿದವರಿಗೆ ತ್ಸುಬಾ ಇದೆ. ಹಿಡಿಗೂ ಅಲಗಿಗೂ ನಡುವಿನ ಈ ತಟ್ಟೆ ಸುಮಾರು 7ರಿಂದ 8 ಸೆಂ.ಮೀ. ಅಗಲದ್ದು, ಆಯುಧವಲ್ಲ, ಲಕೋಟೆಯಲ್ಲಿ ಬರುವಷ್ಟು ಚಿಕ್ಕದು. ಕಬ್ಬಿಣದ ಕೊರೆತ, ತಾಮ್ರಕ್ಕೆ ಸ್ವಲ್ಪ ಚಿನ್ನ ಬೆರೆಸಿ ನೀಲಿಗಪ್ಪು ಬಣ್ಣ ತಂದ ಶಕುದೊ ಲೋಹದ ಕುಸುರಿ, ಎಲ್ಲವನ್ನೂ ಇದರಲ್ಲಿ ಕಲಿಯಬಹುದು. ಬಹುಕಾಲ ಇಷ್ಟರಲ್ಲೇ ತೃಪ್ತರಾದ ಸಂಗ್ರಾಹಕರು ಬಹಳ. ಇದನ್ನೂ ಒಣ ಹತ್ತಿಬಟ್ಟೆಯಲ್ಲಿ ಒರೆಸುವುದಷ್ಟೇ, ಪಾಲಿಶ್ ಹಚ್ಚಿದರೆ ಬಣ್ಣವೇ ಎದ್ದುಹೋಗುತ್ತದೆ.

ಟೋಕಿಯೋಗೆ ಹೋಗುವ ಅವಕಾಶ ಸಿಕ್ಕರೆ ಕೊಳ್ಳುವ ಮೊದಲು ರಿಯೊಗೊಕುವಿನ ಕತ್ತಿ ಸಂಗ್ರಹಾಲಯಕ್ಕೆ, ಉಎನೊದಲ್ಲಿರುವ ರಾಷ್ಟ್ರೀಯ ಸಂಗ್ರಹಾಲಯಕ್ಕೆ ತಲಾ ಅರ್ಧ ದಿನ ಕೊಡಿ. ಗಾಜಿನ ಮುಂದೆ ಮೊಣಕಾಲು ಬಗ್ಗಿಸಿ ದೀಪದ ಪ್ರತಿಬಿಂಬ ಹಮೊನ್ ಮೇಲೆ ಬರುವಂತೆ ತಲೆಯನ್ನು ಏರಿಳಿಸಿ ನೋಡಿ. ಅಲ್ಲಿನವರೆಲ್ಲ ಹಾಗೇ ನೋಡುತ್ತಾರೆ.

ಮನೆಯಲ್ಲಿ ಕಾಪಾಡುವುದು

ಅಲಗನ್ನು ಅಲಂಕಾರದ ಒರೆಯಲ್ಲಿಡದೆ ಶಿರಸಾಯಾ ಎಂಬ ಬಣ್ಣ ಬಳಿಯದ ಹೊನೋಕಿ ಮರದ ಸರಳ ಒರೆಯಲ್ಲಿಡಿ. ಮಲಗಿಸಿ, ಬಾಯಿ ಮೇಲೆ ಮಾಡಿ ಇಡಬೇಕು. ನಿಲ್ಲಿಸಿದರೆ ಎಣ್ಣೆ ಮೊನೆಗೆ ಇಳಿಯುತ್ತದೆ. ಒಂದರ ಒರೆಗೆ ಇನ್ನೊಂದರ ಅಲಗು ಹಾಕಬೇಡಿ. ಗಾಳಿಯ ತೇವ 50ರಿಂದ 60 ಪ್ರತಿಶತ ಇದ್ದರೆ ಒಳ್ಳೆಯದು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಅದು ಮೀರುತ್ತದೆ. ಆದರೆ ಸಿಲಿಕಾ ಜೆಲ್ಲನ್ನು ಒರೆಗೆ ತಾಗುವಂತೆ ತುಂಬಿದರೆ ಮರ ಒಣಗಿ ಕುಗ್ಗಿ ಸೀಳುತ್ತದೆ, ಅಲಗೂ ಒಳಗೆ ಕಚ್ಚಿಕೊಳ್ಳುತ್ತದೆ.

ಆರು ತಿಂಗಳಿಗೊಮ್ಮೆ ಎಣ್ಣೆ ಬದಲಿಸಿ, ಮಳೆಗಾಲದಲ್ಲೂ ಹೊಸ ಸಾಣೆಯಾದ ಮೊದಲ ವರ್ಷದಲ್ಲೂ ತಿಂಗಳಿಗೊಮ್ಮೆ. ಮೆತ್ತಗಿನ, ಸುಗಂಧವಿಲ್ಲದ ಟಿಶ್ಯೂವನ್ನು ಬೆನ್ನಿನ ಕಡೆಯಿಂದ ಮಡಚಿ ಹಿಡಿದು ಬುಡದಿಂದ ಮೊನೆಯ ಕಡೆಗೆ ಒಂದೇ ದಿಕ್ಕಿನಲ್ಲಿ ಎಳೆಯಿರಿ. ಹಿಂದಕ್ಕೆ ಎಳೆಯುವಾಗಲೇ ಬೆರಳು ಕುಯ್ಯುವುದು. ಹಳೆಯ ಎಣ್ಣೆ ಅಂಟಾಗಿದ್ದರೆ ನೀರು ಬೆರೆಯದ ಎಥನಾಲ್‌ನಲ್ಲಿ ನೆನೆಸಿದ ಬಟ್ಟೆಯಲ್ಲಿ ಒರೆಸಿ. ಉಚಿಕೊ ಎಂಬ ಬಿಳಿ ಪುಡಿಯ ಉಂಡೆಯಿಂದ ತಟ್ಟುವ ಹಳೆಯ ರೂಢಿಯಿದೆ, ಆದರೆ ಅದು ಕಲ್ಲಿನ ಪುಡಿ, ಪದೇ ಪದೇ ತಟ್ಟಿ ಒರೆಸಿದರೆ ಸಾಣೆ ಮಂಕಾಗುತ್ತದೆ. ಅಗ್ಗದ ಕಿಟ್‌ಗಳಲ್ಲಿ ಬರುವ ಒರಟು ಪುಡಿಯನ್ನು ಎಸೆಯಿರಿ. ಒರೆಸಿದ ಮೇಲೆ ದೀಪಕ್ಕೆ ಹಿಡಿದು ಚುಕ್ಕೆ ಇದೆಯೇ ನೋಡಿ, ಬಳಿಕ ಬಟ್ಟೆಗೆ ಎರಡು ಮೂರು ಹನಿ ಎಣ್ಣೆ ಹಾಕಿ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಸವರಿ. ಎಣ್ಣೆ ಹೆಚ್ಚಾದರೆ ಒರೆಯ ಮರ ಅದನ್ನು ಹೀರಿ ಧೂಳು ಹಿಡಿದಿಡುತ್ತದೆ.

ಎಣ್ಣೆಯ ಹೆಸರು ಚೋಜಿ, ಅಂದರೆ ಲವಂಗ. ಈ ಹೆಸರು ಕೇಳಿ ಔಷಧಿ ಅಂಗಡಿಯ ಲವಂಗದೆಣ್ಣೆ ತಂದು ಬಳಿಯಬೇಡಿ. ಈಗ ಮಾರುವ ಚೋಜಿ ಎಣ್ಣೆ ಲವಂಗದ ವಾಸನೆ ಬೆರೆಸಿದ ಖನಿಜ ಎಣ್ಣೆ. ಅದು ಸಿಗದಿದ್ದರೆ ಶುದ್ಧವಾದ, ತೆಳುವಾದ ಹೊಲಿಗೆ ಯಂತ್ರದ ಎಣ್ಣೆ ನಡೆಯುತ್ತದೆ. ಕೊಬ್ಬರಿ ಎಣ್ಣೆ, ಹರಳೆಣ್ಣೆ ಬೇಡ, ಅವು ಕಾಲ ಕಳೆದಂತೆ ಹಳಸಿ ಅಂಟಾಗುತ್ತವೆ.

ಆಯುಧಪೂಜೆಗೋ ಕೈಲ್‌ಪೊಳ್ದ್‌ಗೋ ಕತ್ತಿಗೆ ಗಂಧ, ಕುಂಕುಮ, ಹೂವು ಇಡುವುದು ನಮ್ಮ ಮನೆಗಳ ರೂಢಿ. ಈ ಅಲಗಿನ ವಿಷಯದಲ್ಲಿ ಪೂಜೆ ಒರೆಗೆ ಅಥವಾ ಅದರ ಕೆಳಗಿನ ಬಟ್ಟೆಗೆ ಇರಲಿ. ಒದ್ದೆ ಗಂಧದ ಒಂದು ಬೊಟ್ಟು ರಾತ್ರಿಯಿಡೀ ಉಳಿದರೆ ಉಕ್ಕಿನಲ್ಲಿ ಅದೇ ಅಳತೆಯ ಕಲೆ ಬೀಳುತ್ತದೆ.

ಕೆಂಪು ಚುಕ್ಕೆ ಕಂಡರೆ ಉಜ್ಜಲು ಹೋಗಬೇಡಿ. ಎಷ್ಟೇ ನವುರಾದ ಉಪ್ಪುಕಾಗದವಾದರೂ ಸಾಣೆಯ ಮೇಲ್ಮೈ ಹಾಳಾಗುತ್ತದೆ, ಆಮೇಲೆ ಇಡೀ ಅಲಗಿಗೇ ಸಾಣೆ ಬೇಕಾಗುತ್ತದೆ. ಹಳೆಯ ಎಣ್ಣೆ ಒರೆಸಿ, ಚುಕ್ಕೆಯ ಜಾಗವನ್ನು ಅಳತೆಪಟ್ಟಿಯೊಡನೆ ಫೋಟೊ ತೆಗೆದು, ಎಣ್ಣೆ ಹಾಕಿ ಒರೆಗೆ ಸೇರಿಸಿ. ವಾರಕ್ಕೊಮ್ಮೆ ತೆಗೆದು ಹೋಲಿಸಿ. ಒಂದು ತಿಂಗಳಲ್ಲಿ ಬೆಳೆಯದಿದ್ದರೆ ಹಾಗೇ ಬಿಡಿ. ಬೆಳೆದರೆ ಫೋಟೊಗಳನ್ನು ಜಪಾನಿನಲ್ಲಿ ತರಬೇತಾದ ಸಾಣೆಗಾರರಿಗೆ ಕಳಿಸಿ ಕೇಳಿ. ಆ ತುಕ್ಕು ಒರೆಯೊಳಗೂ ಉಜ್ಜಿಕೊಂಡಿರುವ ಸಾಧ್ಯತೆ ಇರುವುದರಿಂದ, ಅಲಗು ಸರಿಯಾಗಿ ಬಂದ ಮೇಲೆ ಅದನ್ನು ಹಳೆಯ ಶಿರಸಾಯಾಗೆ ಹಾಗೇ ಹಾಕದೆ, ಮೊದಲು ಒರೆಯ ಒಳಭಾಗವನ್ನು ತೆರೆಸಿ ಶುಚಿ ಮಾಡಿಸಿ.